ಮನೆ ಹಿಂದಿನ ಹಳದಿ ಹೂವು: ಸಲ್ಫರ್ ಸಿಂಕ್‌ಫಾಯಿಲಾ, ಇಲ್ಲಿನ ಕಾಡು ಸಿಂಕ್‌ಫಾಯಿಲಾ? ಔಷಧಿ ಹೊಡೆಯೋಕ್ ಮುಂಚೆ ಹೇಳಿ ಪ್ಲೀಸ್

ಕಾಡುಸಂಪಿಗೆ:
ಎಲ್ರಿಗೂ ನಮಸ್ಕಾರ. ನಾವಿರೋದು ಅಮೆರಿಕದ ಮೊಂಟಾನಾ ರಾಜ್ಯದ ಮಿಸೌಲಾದಲ್ಲಿ, ಮನೆ ಹಿಂದೆ ಇಳಿಜಾರು ಹುಲ್ಲುಗಾವಲು, ಜೂನ್‌ನಲ್ಲಿ ಅಲ್ಲೆಲ್ಲ ಒಂದು ಹಳದಿ ಹೂವಿನ ಗಿಡ ಏಳುತ್ತೆ. ಮೊಣಕಾಲೆತ್ತರ, ಎಲೆ ಅಂಗೈ ಬಿಡಿಸಿದ ಹಾಗೆ ಐದೋ ಏಳೋ ಕಿರುಎಲೆ, ಅಂಚು ಗರಗಸ, ಹೂವಿಗೆ ಐದು ಎಸಳು, ಪ್ರತಿ ಎಸಳಿನ ತುದೀಲೂ ಸಣ್ಣ ಕಚ್ಚು. ಗಿಡ ಗುರುತು ಹಿಡಿಯೋ ಆ್ಯಪ್‌ಗೆ ಒಂದು ಫೋಟೋ ಕೊಟ್ರೆ ಪೊಟೆಂಟಿಲ್ಲಾ ರೆಕ್ಟಾ (ಸಲ್ಫರ್ ಸಿಂಕ್‌ಫಾಯಿಲ್) ಅನ್ನುತ್ತೆ, ಇನ್ನೊಂದು ಕೊಟ್ರೆ ಪೊಟೆಂಟಿಲ್ಲಾ ಗ್ರಾಸಿಲಿಸ್ (ಇಲ್ಲಿನ ಕಾಡು ಸಿಂಕ್‌ಫಾಯಿಲ್) ಅನ್ನುತ್ತೆ. ಪಕ್ಕದ ಮನೆಯವ್ರು ಇದು ಕಳೆ, ಶನಿವಾರ ಎರಡೂ ಕಡೆ ಔಷಧಿ ಹೊಡೆಸ್ಬಿಡೋಣ ಅಂತಿದಾರೆ. ಇಲ್ಲೇ ಹುಟ್ಟಿ ಬೆಳೆದ ಗಿಡ ಆಗಿದ್ರೆ ಸಾಯಿಸೋಕೆ ನಂಗೆ ಖಂಡಿತ ಇಷ್ಟ ಇಲ್ಲ. ಫೋಟೋಗಳು ಕೆಳಗಿವೆ, ದಯವಿಟ್ಟು ನೋಡಿ ಹೇಳಿ.

ಹೊಲದಂಚು:
ಹೂವಿನ ಬಣ್ಣ ನೋಡಿ ಮೇಡಂ ಸಾಕು. ಪೇಲವ ಹಳದಿ ಆದ್ರೆ ರೆಕ್ಟಾ, ಗಾಢ ಹಳದಿ ಆದ್ರೆ ಗ್ರಾಸಿಲಿಸ್.

ಬೆಟ್ಟದಬೇರು:
ಬಣ್ಣ ಒಂದನ್ನೇ ನಂಬಿ ಔಷಧಿ ಹೊಡೀಬೇಡಿ. ರೆಕ್ಟಾ ಹೂವು ಸಾಮಾನ್ಯವಾಗಿ ಪೇಲವ ಹಳದಿನೇ, ಸಲ್ಫರ್ ಅನ್ನೋ ಹೆಸರು ಬಂದಿದ್ದೂ ಅದಕ್ಕೇ, ಆದ್ರೆ ಗಾಢ ಹಳದಿ ಬಿಡೋ ರೆಕ್ಟಾ ಗಿಡಗಳೂ ಇರ್ತವೆ, ಜೊತೆಗೆ ಮಧ್ಯಾಹ್ನದ ಬಿಸಿಲಲ್ಲಿ ಫೋನ್ ಕ್ಯಾಮೆರಾ ಹಳದಿ ಬಣ್ಣವನ್ನ ತೊಳೆದು ಹಾಕುತ್ತೆ.

ಕಾಡುಸಂಪಿಗೆ ಅವ್ರೆ, ಮೊದ್ಲು ಒಂದು ಹೂವು ತಿರುಗಿಸಿ ಹಿಂಭಾಗ ನೋಡಿ. ಐದು ಪುಷ್ಪಪತ್ರ (ಎಸಳಿನ ಹಿಂದಿರೋ ಹಸಿರು ಎಲೆ), ಅವುಗಳ ಸಂದಿಯಲ್ಲಿ ಇನ್ನೈದು ಕಿರಿದಾದ ಹಸಿರು ಎಲೆಗಳು, ಒಟ್ಟು ಹತ್ತು ಕಂಡ್ರೆ, ಮತ್ತೆ ಎಲೆ ಕಾಂಡ ಸೇರೋ ಕಡೆ ಜೋಡಿ ಕಾವಿನೆಲೆ (ಎಲೆ ಬುಡದ ಪುಟ್ಟ ಎಲೆಗಳು) ಇದ್ರೆ, ಅದು ಈ ಎರಡೂ ಸೇರೋ ಪೊಟೆಂಟಿಲ್ಲಾ ಕುಲದ್ದೇ. ಇದೇ ಥರ ಹಳದಿ ಹೂವಿನ ಬೇರೆ ಗಿಡ ಬಟರ್‌ಕಪ್‌ಗೆ ಇವೆರಡೂ ಇರಲ್ಲ, ಅದರ ಎಸಳು ಎಣ್ಣೆ ಹಚ್ಚಿದ ಹಾಗೆ ಮಿರಮಿರ ಅನ್ನುತ್ತೆ.

ಇನ್ನು ರೆಕ್ಟಾನೋ ಗ್ರಾಸಿಲಿಸ್ಸೋ ಅನ್ನೋದಕ್ಕೆ ಕಾಂಡದ ಕೂದಲು ನೋಡಬೇಕು. ಕಾಂಡವನ್ನ ಆಕಾಶದ ಎದುರಿಗೆ ಹಿಡಿದು ಅಡ್ಡಡ್ಡ ನೋಡಿ. ರೆಕ್ಟಾದಲ್ಲಿ ಉದ್ದನೆಯ ಬಿರುಸು ಕೂದಲು ಕಾಂಡಕ್ಕೆ ನೇರ ಲಂಬವಾಗಿ ನಿಂತಿರುತ್ತೆ, ಅವುಗಳ ಮಧ್ಯೆ ಗಿಡ್ಡ ಕೂದಲೂ ಇರುತ್ತೆ. ಗ್ರಾಸಿಲಿಸ್‌ನಲ್ಲಿ ಕೂದಲು ಹೆಚ್ಚಾಗಿ ಮೇಲ್ಮುಖವಾಗಿ ವಾಲಿ ಕಾಂಡಕ್ಕೆ ಒರಗಿರುತ್ತೆ. ಆಮೇಲೆ ಎಲೆ ಎಲ್ಲಿದೆ ನೋಡಿ. ಗ್ರಾಸಿಲಿಸ್‌ನ ದೊಡ್ಡ ಎಲೆಗಳು ಬುಡದಲ್ಲಿ ಗೊಂಚಲಾಗಿರ್ತವೆ, ಕಾಂಡದ ಮೇಲೆ ಒಂದೆರಡು ಚಿಕ್ಕವು ಅಷ್ಟೇ. ರೆಕ್ಟಾಗೆ ಕಾಂಡದುದ್ದಕ್ಕೂ ಎಲೆ, ಹೂ ಬಿಡೋ ಹೊತ್ತಿಗೆ ಬುಡದ ಎಲೆ ಬಹಳ ಕಮ್ಮಿ. (ಹೂವಿಲ್ಲದಾಗ ರೆಕ್ಟಾನ ಗಾಂಜಾ ಅಂದ್ಕೊಳ್ಳೋರಿದ್ದಾರೆ, ಎಲೆ ಅಷ್ಟು ಹೋಲುತ್ತೆ.)

ಎಲೆ ಅಡಿಭಾಗ ಬೆಳ್ಳಗೆ ರೇಷ್ಮೆ ಥರ ಇದ್ರೆ ರೆಕ್ಟಾ ಅಲ್ಲವೇ ಅಲ್ಲ ಅನ್ನಬಹುದು, ಅದಕ್ಕೆ ಎರಡೂ ಮುಖ ಹಸಿರೇ. ಆದ್ರೆ ಉಲ್ಟಾ ನಡೆಯಲ್ಲ! ಗ್ರಾಸಿಲಿಸ್‌ನಲ್ಲಿ ಹಲವು ಬಗೆ, ಕೆಲವಕ್ಕೆ ಅಡಿಭಾಗವೂ ಹಸಿರೇ. ಅಡಿ ಹಸಿರು ಕಂಡ ತಕ್ಷಣ ಕಳೆ ಅಂತ ಕಿತ್ತು ಹಾಕೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ ನಂಗೆ.

ಕಾಡುಸಂಪಿಗೆ:
ತುಂಬಾ ಥ್ಯಾಂಕ್ಸ್ ಸರ್. ಹೂವಿನ ಹಿಂದೆ ಹತ್ತೂ ಇವೆ, ಕಾವಿನೆಲೆನೂ ಇದೆ. ಆದ್ರೆ ಬೇಲಿ ಹತ್ರದ ಗಿಡದಲ್ಲಿ ಕೂದಲು ನೆಟ್ಟಗೆ ನಿಂತಿದೆ, ಮುಟ್ಟಿದ್ರೆ ಚುರುಚುರು ಅನ್ನುತ್ತೆ, ಬುಡದಲ್ಲಿ ಎಲೆನೇ ಇಲ್ಲ, ಹೋದ ವರ್ಷದ ಒಣಗಿದ ಕಡ್ಡಿಗಳು ಇನ್ನೂ ನಿಂತಿವೆ. ಮೇಲಿನ ಬಂಡೆ ಪಕ್ಕದ್ದರಲ್ಲಿ ಬುಡದ ತುಂಬಾ ಎಲೆ, ತಿರುಗಿಸಿದ್ರೆ ಅಡಿಭಾಗ ಬೂದು ಬಿಳಿ, ಮೆತ್ತಗೆ. ಹೊಸ ಫೋಟೋ ಹಾಕಿದೀನಿ.

ಬೆಟ್ಟದಬೇರು:
ಸಿಕ್ತು ನೋಡಿ! ನಿಮ್ಮ ಜಾಗದಲ್ಲಿ ಎರಡೂ ಜಾತಿ ಇವೆ, ಆ್ಯಪ್ ಎರಡು ಸಲನೂ ಸರಿಯಾಗೇ ಹೇಳಿದೆ. ಬೇಲಿ ಹತ್ರದ್ದು ರೆಕ್ಟಾ, ಯುರೇಷಿಯಾದಿಂದ ಬಂದು ಹಬ್ಬಿರೋದು, ಮೊಂಟಾನಾದ ನಾಕ್ಷಿಯಸ್ ವೀಡ್ (ಹಾನಿಕಾರಕ ಕಳೆ) ಪಟ್ಟಿಯಲ್ಲೂ ಇದೆ. ಎಲೇಲಿ ಟ್ಯಾನಿನ್ ಅನ್ನೋ ಒಗರು ಅಂಶ ಜಾಸ್ತಿ, ದನಕರು ಅದನ್ನ ಬಿಟ್ಟು ಪಕ್ಕದ ಹುಲ್ಲು ಮೇಯ್ತವೆ, ಹಾಗಾಗಿ ಮೇಯಿಸಿದಷ್ಟೂ ಇದಕ್ಕೇ ಜಾಗ ಆಗುತ್ತೆ. ಬಂಡೆ ಪಕ್ಕದ್ದು ಗ್ರಾಸಿಲಿಸ್, ಪಶ್ಚಿಮ ಉತ್ತರ ಅಮೆರಿಕದ ಸ್ವಂತ ಗಿಡ, ಅಲಾಸ್ಕಾದಿಂದ ಕ್ಯಾಲಿಫೋರ್ನಿಯಾವರೆಗೂ ಇದೆ. ಅಷ್ಟು ಬಿಳಿ ಅಡಿಭಾಗ ಇರೋದನ್ನ ಕೆಲವರು ಪೊಟೆಂಟಿಲ್ಲಾ ಪುಲ್ಚೆರಿಮಾ ಅಂತ ಬೇರೆ ಜಾತಿಯಾಗೇ ಬರೀತಾರೆ, ಎರಡರಲ್ಲಿ ಯಾವ ಹೆಸರಿಟ್ಟರೂ ಅದು ಅಲ್ಲಿನದೇ ಗಿಡ, ದಯವಿಟ್ಟು ಮುಟ್ಟಬೇಡಿ.

ಇನ್ನೂ ಅನುಮಾನ ಇದ್ರೆ ಕಾಯಿ ಒಣಗೋವರೆಗೆ ಒಂದೊಂದು ಹೂ ಬಿಟ್ಟಿರಿ. ರೆಕ್ಟಾದ ಬೀಜದಂಥ ಸಣ್ಣ ಕಾಯಿ ಮೇಲೆ ಬಲೆ ಹಾಗೆ ಗೆರೆ ಇರುತ್ತೆ, ಗ್ರಾಸಿಲಿಸ್‌ದು ನುಣ್ಣಗೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸೋ ಲೆನ್ಸ್ ಸಾಕು.

ಹೊಲದಂಚು:
ಕೂದಲು ನೋಡೋ ವಿಷಯ ಗೊತ್ತಿರ್ಲಿಲ್ಲ ಸರ್, ಒಳ್ಳೆ ಮಾಹಿತಿ. ನಾನು ಊಟಿ ಕಡೆ ನೋಡಿರೋ ಮೂರೆಲೆಯ ಕಾಡು ಸ್ಟ್ರಾಬೆರಿ, ರುಚಿನೇ ಇಲ್ಲದ ಕೆಂಪು ಹಣ್ಣಿಂದು, ಅದನ್ನೂ ಈಗ ಪೊಟೆಂಟಿಲ್ಲಾ ಇಂಡಿಕಾ ಅಂತಾರಲ್ವಾ? ರೆಕ್ಟಾಗೆ ಯಾವ್ದಾದ್ರೂ ಹುಳ ಬಿಟ್ಟು ಕಂಟ್ರೋಲ್ ಮಾಡಕ್ಕಾಗಲ್ವಾ?

ಬೆಟ್ಟದಬೇರು:
ಹೌದು ಅದೇ. ನಿಮ್ಮ ಪ್ರಶ್ನೆಗೆ ಉತ್ತರನೂ ಆ ನಂಟಲ್ಲೇ ಇದೆ. ಪೊಟೆಂಟಿಲ್ಲಾ, ಸ್ಟ್ರಾಬೆರಿ ಎರಡೂ ಹತ್ತಿರದ ನೆಂಟರು, ರೆಕ್ಟಾ ತಿನ್ನೋ ಹುಳ ಸ್ಟ್ರಾಬೆರಿ ತೋಟಕ್ಕೋ ಅಲ್ಲಿನ ಸ್ವಂತ ಸಿಂಕ್‌ಫಾಯಿಲ್‌ಗೋ ಬೀಳೋ ಅಪಾಯ ಇರೋದ್ರಿಂದ ಆ ದಾರಿ ಬಹಳ ಕಷ್ಟ.

ಕಾಡುಸಂಪಿಗೆ:
ಪಕ್ಕದವ್ರಿಗೆ ಎರಡೂ ಗಿಡ ಪಕ್ಕಪಕ್ಕ ತೋರಿಸ್ದೆ, ಔಷಧಿ ಬೇಡ ಅಂತ ಒಪ್ಪಿದ್ರು. ಬೇಲಿ ಹತ್ರದ್ದನ್ನ ಮೆಷಿನ್‌ನಲ್ಲಿ ಕತ್ತರಿಸಿದ್ರೆ ಸಾಕಾ?

ಬೆಟ್ಟದಬೇರು:
ಸಾಕಾಗಲ್ಲ, ಬುಡದಿಂದ ಮತ್ತೆ ಚಿಗುರುತ್ತೆ. ಮಳೆ ಬಿದ್ದು ಮಣ್ಣು ಮೆತ್ತಗಿರೋವಾಗ ಗುದ್ದಲಿ ಹಾಕಿ ಬುಡದ ಕಟ್ಟಿಗೆಯಂಥ ಗಡ್ಡೆ ಸಮೇತ ಎತ್ತಿ. ಕಾಯಿ ಕಟ್ಟಿರೋ ತಲೆಗಳನ್ನ ಮೊದ್ಲೇ ಕತ್ತರಿಸಿ ಚೀಲಕ್ಕೆ ಹಾಕ್ಕೊಳ್ಳಿ, ಕಾಂಪೋಸ್ಟ್‌ಗೆ ಬೇಡ. ಮಣ್ಣಲ್ಲಿ ಬಿದ್ದಿರೋ ಬೀಜ ಕೆಲವು ವರ್ಷ ಮೊಳೀತಾನೇ ಇರುತ್ತೆ, ಹಾಗಾಗಿ ಪ್ರತಿ ಮೇ ಕೊನೇಲಿ ಬೇಲಿ ಸಾಲು ಒಂದ್ಸಲ ನೋಡ್ಕೊಳ್ಳಿ. ಗ್ರಾಸಿಲಿಸ್ ಪಕ್ಕ ಒಂದೊಂದು ಕಡ್ಡಿ ನೆಟ್ಟು ಬಣ್ಣದ ದಾರ ಕಟ್ಟಿ, ಅಗೆಯೋರು ಬೇರೆಯವ್ರಾದ್ರೂ ಗೊತ್ತಾಗುತ್ತೆ.