ಓದುಗರ ಸ್ಪಂದನ: ಕೆಲಸ ಕಲಿತ ಸಿಸ್ಟರ್‌ಗಳು ಏಕೆ ನಿಲ್ಲುತ್ತಿಲ್ಲ?

ತಾವು ಕೆಲಸ ಕಲಿಸಿದ ಹುಡುಗಿಯರು ವರ್ಷ ತುಂಬುವ ಮೊದಲೇ ರಾಜೀನಾಮೆ ಕೊಡುತ್ತಿದ್ದಾರೆ, ಆಡಳಿತದವರು ‘ಈಗಿನವರಲ್ಲಿ ಸೇವಾ ಮನೋಭಾವವಿಲ್ಲ’ ಎನ್ನುತ್ತಾರೆ, ಅವರನ್ನು ಉಳಿಸಿಕೊಳ್ಳುವುದು ಹೇಗೆ ಎಂದು ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ವಾರ್ಡ್ ಇನ್‌ಚಾರ್ಜ್ ಸಿಸ್ಟರ್ ಕಳೆದ ಸಂಚಿಕೆಯಲ್ಲಿ ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. – ಸಂಪಾದಕಿ

ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಾನು ದುಡಿಯುತ್ತಿದ್ದ ಆಸ್ಪತ್ರೆಯ ಪ್ರತಿ ಮಹಡಿಯಲ್ಲೂ ‘ರೋಗಿಯ ಸುರಕ್ಷೆಯೇ ಮೊದಲು’ ಎಂಬ ಫಲಕವಿತ್ತು. ನಮ್ಮ ವಾರ್ಡಿನ ಟ್ರೇಯಲ್ಲಿ ಮಾತ್ರ ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲುಗಳು (ಚುಚ್ಚುಮದ್ದಿನ ಪುಟ್ಟ ಸೀಸೆಗಳು) ಡಿಸ್ಟಿಲ್ಡ್ ವಾಟರ್ ಆಂಪೂಲುಗಳ ಮಗ್ಗುಲಲ್ಲೇ ಇರುತ್ತಿದ್ದವು; ಕೈತಪ್ಪಿ ನೀರಿನ ಬದಲು ಪೊಟ್ಯಾಸಿಯಂ ನೇರವಾಗಿ ರಕ್ತನಾಳಕ್ಕೆ ಹೋದರೆ ಹೃದಯವೇ ನಿಲ್ಲಬಹುದೆಂದು ನಾವೆಲ್ಲ ಓದಿ ಬಂದವರು. ಅವನ್ನು ಬೇರೆ ಇಡಬೇಕೆಂದು ಇನ್ಸಿಡೆಂಟ್ ರಿಪೋರ್ಟ್ ಬರೆದೆ. ಟ್ರೇ ಕದಲಲಿಲ್ಲ, ಬಾಯಲ್ಲಿ ಹೇಳಬಹುದಾದ್ದನ್ನು ಬರಹದಲ್ಲಿ ಏಕೆ ಕೊಟ್ಟಿರಿ ಎಂದು ಕೇಳುವ ಮೆಮೊ ನನ್ನ ಕೈಗೆ ಬಂತು. ಡಬಲ್ ಡ್ಯೂಟಿಯನ್ನೂ, ರಾತ್ರಿ ಪಾಳಿಯಲ್ಲಿ ಇಡೀ ವಾರ್ಡನ್ನು ಒಬ್ಬಳೇ ನೋಡಿಕೊಳ್ಳುವುದನ್ನೂ ಸಹಿಸಿದ್ದ ನನಗೆ, ಅಂದು ನನ್ನ ಇನ್‌ಚಾರ್ಜ್ ತಲೆ ತಗ್ಗಿಸಿ ಸುಮ್ಮನೆ ನಿಂತದ್ದನ್ನು ಸಹಿಸಲಾಗಲಿಲ್ಲ. ಅವರೂ ನಿಮ್ಮಂತೆ ಒಳ್ಳೆಯವರೇ. ನಿಮ್ಮ ಹುಡುಗಿಯರ ಪರವಾಗಿ ಮೇಲಿನವರೆದುರು ನೀವು ಯಾವಾಗ ಮಾತನಾಡಿದ್ದೀರಿ, ದಯವಿಟ್ಟು ಯೋಚಿಸಿ.
– ಮಾಜಿ ಶುಶ್ರೂಷಕಿ, ರಾಜಾಜಿನಗರ

ಈ ಪತ್ರವನ್ನು ಮೊಟಕುಗೊಳಿಸಲು ನಮಗೆ ಮನಸ್ಸಾಗಲಿಲ್ಲ. ಮುಂದಿನದು ಖಾರವಾದದ್ದು.

ಸೇವಾ ಮನೋಭಾವದ ಮಾತು ಸಾಕು, ಸಂಬಳದ ಚೀಟಿ ತೋರಿಸಿ. ಸುಪ್ರೀಂ ಕೋರ್ಟಿನ 2016ರ ನಿರ್ದೇಶನದಂತೆ ರಚನೆಯಾದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಗಳು ಸರ್ಕಾರಿ ಶುಶ್ರೂಷಕರಷ್ಟೇ ವೇತನ ಕೊಡಬೇಕೆಂದೂ, ಎಷ್ಟೇ ಚಿಕ್ಕ ಆಸ್ಪತ್ರೆಯಾದರೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದೂ ಶಿಫಾರಸು ಮಾಡಿದೆ.
– ಓದುಗ, ಯಲಹಂಕ

ನನ್ನ ಮಗಳು ಬಿ.ಎಸ್‌ಸಿ. ನರ್ಸಿಂಗ್ ಓದುತ್ತಿದ್ದಾಳೆ. ಕೆಲಸಕ್ಕೆ ಸೇರುವಾಗ ಮೂಲ ಪ್ರಮಾಣಪತ್ರಗಳನ್ನು ಒತ್ತೆಯಿಟ್ಟುಕೊಳ್ಳುವ ಆಸ್ಪತ್ರೆಗಳಿವೆಯೆಂದು ಕೇಳಿ ಗಾಬರಿಯಾಗಿದೆ. ಅಂಥ ಕಡೆ ಅವಳನ್ನು ಸೇರಿಸಬೇಕೇ?
– ತಂದೆ, ಕೆಂಗೇರಿ

ಬೇಡವೆಂದೇ ನಮ್ಮ ಅಭಿಪ್ರಾಯ. ಇನ್‌ಚಾರ್ಜ್ ಒಬ್ಬರ ಕೈಯಲ್ಲಿ ಏನೆಲ್ಲ ಇದೆಯೆಂಬುದಕ್ಕೆ ಕೊನೆಯ ಪತ್ರ ನೋಡಿ.

ಸಂಬಳ ಹೆಚ್ಚಿಸುವ ಅಧಿಕಾರ ನನಗೂ ಇರಲಿಲ್ಲ, ಡ್ಯೂಟಿ ಪಟ್ಟಿ ಮಾತ್ರ ನನ್ನದಾಗಿತ್ತು. ಅದನ್ನು ಹುಡುಗಿಯರೊಡನೆ ಕುಳಿತೇ ಬರೆಯುತ್ತಿದ್ದೆ: ಓಣಂಗೆ ಕೇರಳದವರಿಗೆ, ಕ್ರಿಸ್‌ಮಸ್‌ಗೆ ಮಿಜೋರಾಂನವರಿಗೆ, ಯುಗಾದಿಗೆ ನಮ್ಮವರಿಗೆ ರಜೆ. ವೈದ್ಯರು ರೋಗಿಗಳೆದುರು ಗದರಿದರೆ, ಅದೇ ದಿನ ಅವರ ಕೊಠಡಿಗೆ ನಾನೇ ಹೋಗಿ ಕೇಳುತ್ತಿದ್ದೆ. ವಿದೇಶಕ್ಕೆ ಹೋಗುವವರು ಆಗಲೂ ಹೋದರು. ಪಕ್ಕದ ಆಸ್ಪತ್ರೆಗೆ ಹೋಗುವವರು ಕಡಿಮೆಯಾದರು.
– ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್, ಬಸವನಗುಡಿ