ಸರ್ಪಸುತ್ತು ಹೋಯ್ತು, ಉರಿ ಹೋಗ್ಲಿಲ್ಲ. ಅಮ್ಮನ ಮಾತ್ರೆ ಖರ್ಚಿಗೆ ದಾರಿ ಹೇಳಿ

ಕೇಳಿದವರು, ದಾವಣಗೆರೆ

ಅಮ್ಮನಿಗೆ 66 ವರ್ಷ. ಶುಗರ್, ಬಿಪಿ ಎರಡೂ ಇದೆ. ಯುಗಾದಿಗೆ ಮುಂಚೆ ಎಡ ಪಕ್ಕೆಗೆ ಸರ್ಪಸುತ್ತು ಆಗಿತ್ತು. ಮೊದಲ ನಾಲ್ಕು ದಿನ ಕೆಮ್ಮಣ್ಣು ಹಚ್ಚಿ, ಮಂತ್ರ ಹಾಕಿಸಿ ಕಳೆದ್ವಿ. ಗುಳ್ಳೆ ಒಣಗಿ ಐದು ತಿಂಗಳಾಯ್ತು, ಆ ಜಾಗದ ಉರಿ ಮಾತ್ರ ಹಾಗೇ ಇದೆ. ರವಿಕೆ ತಾಗಿದರೂ ಕೆಂಡ ಇಟ್ಟ ಹಾಗಾಗುತ್ತೆ ಅಂತಾರೆ. ನರದ ಡಾಕ್ಟರ್ ಪ್ರೆಗಾಬಾಲಿನ್ ಮತ್ತು ನಾರ್ಟ್ರಿಪ್ಟಿಲಿನ್ ಸೇರಿರೋ ಮಾತ್ರೆ, ಬಿ12 ಮಾತ್ರೆ, ಲಿಡೋಕೇನ್ ಪ್ಯಾಚ್ ಬರೆದಿದ್ದಾರೆ. ಎಲ್ಲ ಸೇರಿ ತಿಂಗಳಿಗೆ 5,200 ರೂಪಾಯಿ. ನನ್ನ ಸಂಬಳ 24,000. ತಂಗಿ ಪೀಣ್ಯದಲ್ಲಿ ಗಾರ್ಮೆಂಟ್ಸ್‌ಗೆ ಹೋಗ್ತಾಳೆ, ಅವಳ ದುಡ್ಡು ಅವಳ ಬಾಡಿಗೆ, ಊಟಕ್ಕೇ ಸರಿಹೋಗುತ್ತೆ. ನಮ್ಮ ಕಂಪನಿ ಮಾಡಿಸಿರೋ 3 ಲಕ್ಷದ ವಿಮೆಯಲ್ಲಿ ಅಮ್ಮನ ಹೆಸರೂ ಇದೆ. ಬಿಲ್ ಕಳಿಸಿದರೆ "ಅಡ್ಮಿಟ್ ಆಗಿಲ್ಲವಲ್ಲ" ಅಂತ ವಾಪಸ್ ಬಂತು.

ಹೋದ ವಾರ ಡಬ್ಬಿ ತೆಗೆದು ನೋಡಿದಾಗ ಗೊತ್ತಾಯ್ತು. ಬೆಳಿಗ್ಗೆ, ರಾತ್ರಿ ಎರಡು ಹೊತ್ತು ನುಂಗಬೇಕಾದ ಮಾತ್ರೇನ ಅಮ್ಮ ಒಂದೇ ಹೊತ್ತು ನುಂಗ್ತಿದ್ದಾರೆ. ಕೇಳಿದರೆ "ಇನ್ನೊಂದು ತಿಂಗಳು ಬರ್ಲಿ ಅಂತ ಕಣೋ" ಅಂದ್ರು. ಅವತ್ತಿಂದ ನನಗೆ ನಿದ್ದೆ ಇಲ್ಲ. ಇಂಥದ್ದನ್ನ ನಿಭಾಯಿಸಿದವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ, ಅತ್ತೆಯವರನ್ನು ನೋಡಿಕೊಂಡವರು

ತಮ್ಮಾ, ಮೊದಲು ಅಮ್ಮನ ಪಕ್ಕ ಕೂತ್ಕೊಂಡು ಈ ಮಾತ್ರೇನ ಅವರಾಗೇ ಕಡಿಮೆ ಮಾಡಬಾರದು, ನಿಲ್ಲಿಸಲೂಬಾರದು ಅಂತ ಹೇಳು. ನಮ್ಮ ಅತ್ತೆಗೂ ಸರ್ಪಸುತ್ತಿನ ಆಮೇಲೆ ಇದೇ ಉರಿ ಇತ್ತು. ಒಂದು ಸಲ ತಿಂಗಳ ಕೊನೆಗೆ ದುಡ್ಡಿಲ್ಲ ಅಂತ ಪ್ರೆಗಾಬಾಲಿನ್ ಹಠಾತ್ತನೆ ನಿಲ್ಲಿಸಿಬಿಟ್ರು. ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ, ಮೈಯೆಲ್ಲ ಬೆವರು, ವಾಕರಿಕೆ, ಏನೋ ತಳಮಳ. ಶುಗರ್ ಇಳಿದಿದೆ ಅಂದ್ಕೊಂಡು ರಾತ್ರೋರಾತ್ರಿ ಆಟೋದಲ್ಲಿ ಆಸ್ಪತ್ರೆಗೆ ಓಡಿದ್ವಿ. ಮಾತ್ರೆ ನಿಲ್ಲಿಸಿದ್ದೇ ಕಾರಣ ಅಂತ ಅಲ್ಲಿ ಹೇಳಿದ್ರು. ಇದನ್ನ ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಇಳಿಸಬೇಕಂತೆ. ಅವತ್ತಿನ ಒಂದು ರಾತ್ರಿ ಬಿಲ್ಲಿನಲ್ಲಿ ಎರಡು ತಿಂಗಳ ಮಾತ್ರೆ ಬರ್ತಿತ್ತು.

ಆಮೇಲೆ ನಾನೇ ಡಾಕ್ಟರ ಹತ್ರ ಹೋಗಿ ಬಾಯಿ ಬಿಟ್ಟು ಹೇಳಿದೆ, "ಸರ್, ಇಷ್ಟು ದುಡ್ಡು ನಮ್ಮ ಕೈಲಿ ಆಗಲ್ಲ, ಇದಕ್ಕಿಂತ ಕಡಿಮೆಯಲ್ಲಿ ಏನು ಮಾಡಬಹುದು?" ಹೇಳೋಕೆ ಮುಂಚೆ ವಾರಗಟ್ಟಲೆ ನಾಚಿಕೆ ಪಟ್ಟಿದ್ದೆ. ಅವರು ಒಂದು ಚೂರೂ ಬೇಜಾರು ಮಾಡ್ಕೊಳ್ಳಲಿಲ್ಲ, "ಮೊದಲೇ ಹೇಳಬಾರದಿತ್ತಾ ಅಮ್ಮ" ಅಂದ್ರು. ಜೋಡಿ ಮಾತ್ರೇನ ಬಿಡಿಸಿ ಎರಡು ಬೇರೆ ಬೇರೆ ಮಾತ್ರೆ ಮಾಡಿದ್ರು, ಚೀಟಿಯಲ್ಲಿ ಕಂಪನಿ ಹೆಸರು ಬಿಟ್ಟು ಜೆನೆರಿಕ್ ಹೆಸರು, ಅಂದ್ರೆ ಔಷಧದ ಮೂಲ ಹೆಸರು ಬರೆದ್ರು. ಶುಗರ್‌ಗೆ ಮೆಟ್‌ಫಾರ್ಮಿನ್ ನುಂಗೋರಿಗೆ ಬಿ12 ಕಡಿಮೆ ಆಗೋದುಂಟು, ಅದಕ್ಕೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿದ್ರು. ನಮ್ಮವರಿಗೆ ಸಾಕಷ್ಟಿತ್ತು, ಆ ಮಾತ್ರೆ ಹೋಯ್ತು. ಪ್ಯಾಚನ್ನ ದಿನಾ ಹಚ್ಚೋ ಬದಲು ಉರಿ ಜಾಸ್ತಿ ಇರೋ ರಾತ್ರಿಗೆ ಮಾತ್ರ ಇಟ್ಕೊಂಡ್ವಿ. ಅದು ಹೇಗೂ ದಿನಕ್ಕೆ 12 ಗಂಟೆ ಮಾತ್ರ ಮೈಮೇಲಿರಬೇಕು. ಲಿಡೋಕೇನ್ ಪ್ಯಾಚನ್ನ ನೋವಿನ ಜಾಗದ ಅಳತೆಗೆ ಕತ್ತರಿಸಿ ಹಚ್ಚಬಹುದು ಅಂತ ನಮಗೆ ಹೇಳಿದ್ರು, ನೀನೂ ಕೇಳಿ ನೋಡು.

ಇನ್ನೊಂದು ವಿಷಯ. ರವಿಕೆಯನ್ನ ಹಳೇ ಮೆತ್ತನೆ ಹತ್ತಿ ಬಟ್ಟೆಯಲ್ಲಿ, ಪಕ್ಕೆಗೆ ಸಡಿಲವಾಗಿ ಹೊಲಿಸಿಕೊಡು. ಅದರಿಂದ ಅತ್ತೆಗೆ ಹಗಲು ಎಷ್ಟೋ ಹಗುರಾಯ್ತು.

ಹುಬ್ಬಳ್ಳಿಯಿಂದ, ಮೆಡಿಕಲ್ ಶಾಪ್ ಇರುವವರು

ಅಕ್ಕಾರು ಹೇಳಿದ್ದು ಖರೆ ಐತ್ರಿ. ಚೀಟಿಯೊಳಗ ಜೆನೆರಿಕ್ ಹೆಸರು ಯಾಕ ಬೇಕು ಅನ್ನೂದು ಗೊತ್ತಿರ್ಲಿ. ಡಾಕ್ಟರ್ ಒಂದು ಕಂಪನಿ ಹೆಸರು ಬರದ್ರ, ಶೆಡ್ಯೂಲ್ ಎಚ್ (ಡಾಕ್ಟರ್ ಚೀಟಿ ಇದ್ರ ಮಾತ್ರ ಕೊಡೂ) ಔಷಧಕ್ಕ ಅದ ಗುಣದ್ದು ಬ್ಯಾರೆ ಕಂಪನಿದು ಕೊಡಾಕ ಕಾಯ್ದೆ ಪ್ರಕಾರ ನಮಗ ಬರೂದಿಲ್ರಿ. ನಾವು "ಇದ ಬೇಕು" ಅಂತ ಹಟ ಮಾಡೂದಲ್ಲ, ನಮ್ಮ ಕೈ ಕಟ್ಟಿರ್ತೈತಿ. ಔಷಧದ ಹೆಸರ ಬರದ್ರ ಯಾವ ಕಂಪನಿದು ಅಗ್ಗ ಐತೋ ಅದನ್ನ ಕೊಡಬಹುದು.

ಸರ್ಕಾರದ ಅಗ್ಗದ ಔಷಧದಂಗಡಿ ಜನೌಷಧಿ ಕೇಂದ್ರದಾಗ ಪ್ರೆಗಾಬಾಲಿನ್ 75 ಎಂಜಿ ಸಿಗ್ತೈತಿ, ಬ್ರ್ಯಾಂಡಿನದಕ್ಕಿಂತ ಭಾಳ ಅಗ್ಗ. ಹೋಗೂಕಿಂತ ಮೊದಲ 'ಜನೌಷಧಿ ಸುಗಮ್' ಆ್ಯಪ್‌ನ್ಯಾಗ ಹತ್ರದ ಕೇಂದ್ರ, ದರ ಎರಡೂ ನೋಡ್ರಿ, ಆಮ್ಯಾಗ ಫೋನ್ ಮಾಡಿ ಸ್ಟಾಕ್ ಕೇಳ್ರಿ. ಖಾಲಿ ಕೈಲೆ ವಾಪಸ್ ಬಂದ ಮಂದಿನ್ನ ನಾನು ಭಾಳ ನೋಡೀನಿ. ಸರ್ಕಾರಿ ದವಾಖಾನಿ ಆವರಣದಾಗಿನ ಕೇಂದ್ರ ಮುಚ್ಚಬೇಕು ಅಂತ 2025ರ ಮೇದಾಗ ರಾಜ್ಯ ಸರ್ಕಾರ ಆದೇಶ ಮಾಡಿತ್ತು, ವಿಷಯ ಹೈಕೋರ್ಟಿಗೂ ಹೋತು. ಅದಕ್ಕ ಊರಾಗಿನ, ಹೊರಗಿನ ಕೇಂದ್ರ ಹುಡುಕೂದು ಬೇಷಿ.

ಜೆನೆರಿಕ್ ಅಂದಕೂಡ್ಲೆ ಎಲ್ಲಾ ಅಗ್ಗ ಅಂತ ತಿಳ್ಕೋಬ್ಯಾಡ್ರಿ. ನಮ್ಮಂಥ ಅಂಗಡಿಗೆ ಬರೂ ಜೆನೆರಿಕ್‌ನ ಎಂಆರ್‌ಪಿ ಕೆಲವು ಸಲ ಬ್ರ್ಯಾಂಡಿನಷ್ಟ ಇರ್ತೈತಿ, ನಾವು ಕೊಳ್ಳೂ ದರ ಮಾತ್ರ ಭಾಳ ಕಡಿಮಿ. "ಎಷ್ಟು ಬಿಡ್ತೀರಿ?" ಅಂತ ಧೈರ್ಯಲೆ ಕೇಳ್ರಿ. ನಾನs ಅಂಗಡಿಯಾಂವ ಆಗಿ ಹೇಳಾಕತ್ತೇನಿ, ಕೇಳೂದ್ರಾಗ ತಪ್ಪಿಲ್ಲ. 2025ರ ಸೆಪ್ಟೆಂಬರ್ 22ರಿಂದ ಬಹಳಷ್ಟು ಔಷಧದ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳದೈತಿ, ಬಿಲ್ಲಿನ್ಯಾಗ ಅದನ್ನೂ ನೋಡ್ಕೋರಿ.

ರಾತ್ರಿ ಹೊತ್ತು 75ರ ಎರಡು ಕ್ಯಾಪ್ಸೂಲ್ ನುಂಗೂರು 150ರದ್ದು ಒಂದು ಬರಸ್ಕೊಂಡ್ರ ಬಹಳ ಸಲ ಕಡಿಮಿ ಬೀಳ್ತೈತಿ. ಕ್ಯಾಪ್ಸೂಲ್ ಬಿಚ್ಚಿ ಅರ್ಧ ಮಾಡೂದು ಮಾತ್ರ ಬ್ಯಾಡ್ರಿ.

ಬೆಂಗಳೂರಿನಿಂದ, ವಿಮೆ ಕ್ಲೇಮ್ ವಿಭಾಗದಲ್ಲಿ ಕೆಲಸ ಮಾಡಿದವರು

ಸರ್, ನಿಮ್ಮ ಬಿಲ್ ವಾಪಸ್ ಬಂದದ್ದು ಅನ್ಯಾಯ ಅನಿಸೋದು ಸಹಜ, ಆದರೆ ನಮ್ಮಲ್ಲಿನ ಬಹುತೇಕ ಪಾಲಿಸಿಗಳು ಆಸ್ಪತ್ರೆಯಲ್ಲಿ ಅಡ್ಮಿಟ್ ಆದರೆ ಮಾತ್ರ ದುಡ್ಡು ಕೊಡೋ ಹಾಗೆ ಬರೆದಿರುತ್ತವೆ. ವರ್ಷಗಟ್ಟಲೆ ನುಂಗುವ ಮಾತ್ರೆಗೆ ಅಲ್ಲಿ ಜಾಗವೇ ಇಲ್ಲ. ನೋವಿನ ರೋಗಿಗಳು ಹೆಚ್ಚು ಕಷ್ಟಪಡೋದೇ ಇದರಿಂದ.

"ಒಂದು ರಾತ್ರಿ ಸುಮ್ನೆ ಅಡ್ಮಿಟ್ ಮಾಡಿಸಿ" ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅಗತ್ಯವಿಲ್ಲದ ದಾಖಲಾತಿ ಗೊತ್ತಾದರೆ ಕ್ಲೇಮ್ ಹೋಗುತ್ತೆ, ಕಂಪನಿಯಲ್ಲಿ ನಿಮ್ಮ ಹೆಸರೂ ಕೆಡುತ್ತೆ. ಹಾಗಲ್ಲದೆ ಡಾಕ್ಟರೇ ನರಕ್ಕೆ ಇಂಜೆಕ್ಷನ್ ಕೊಡುವ ಬ್ಲಾಕ್ ಬೇಕು ಅಂದರೆ, ಅದು ಪಾಲಿಸಿಯ ಡೇ ಕೇರ್ (ರಾತ್ರಿ ಉಳಿಯದೆ ಅದೇ ದಿನ ಮುಗಿಯುವ ಚಿಕಿತ್ಸೆ) ಪಟ್ಟಿಯಲ್ಲಿ ಇದೆಯಾ ಅಂತ ಮೊದಲೇ ಬರಹದಲ್ಲಿ ಕೇಳಿ, ಒಪ್ಪಿಗೆ ತಗೊಳ್ಳಿ. ಹಾಗೆ ಒಪ್ಪಿದ ಚಿಕಿತ್ಸೆಯ ನಂತರದ 60 ದಿನದ ಔಷಧದ ಬಿಲ್‌ಗಳನ್ನು ಅನೇಕ ಪಾಲಿಸಿಗಳು ಕೊಡುತ್ತವೆ. ಈ ಸಾಲನ್ನು ಓದದೆ ಸಾವಿರಾರು ರೂಪಾಯಿ ಬಿಟ್ಟುಕೊಟ್ಟವರನ್ನು ನನ್ನ ಟೇಬಲ್ ಮುಂದೆಯೇ ಕಂಡಿದ್ದೇನೆ. ಪಾಲಿಸಿಯಲ್ಲಿ ಇರೋದನ್ನೇ ಕೊಡದಿದ್ದರೆ ಮೊದಲು ವಿಮಾ ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ವಿಮೆಯ ದೂರು ಕೇಳುವ ಅಧಿಕಾರಿ, ಅಂದರೆ ವಿಮಾ ಓಂಬುಡ್ಸ್‌ಮನ್ ಇದ್ದಾರೆ, ಬೆಂಗಳೂರಿನಲ್ಲೇ ಕಚೇರಿ ಇದೆ. ಅಲ್ಲಿ ಶುಲ್ಕವೂ ಇಲ್ಲ, ವಕೀಲರೂ ಬೇಡ.

ನಿಮ್ಮ ಪ್ರಶ್ನೆ ಓದಿದಾಗ ನನ್ನ ಕಣ್ಣು ನಿಂತದ್ದು ತಂಗಿಯ ಮೇಲೆ. ನಿಮ್ಮ ಸಂಬಳ 21,000 ದಾಟಿರೋದರಿಂದ ನಿಮಗೆ ನೌಕರರ ಸರ್ಕಾರಿ ವಿಮೆಯಾದ ಇಎಸ್‌ಐ ಇಲ್ಲ. ಗಾರ್ಮೆಂಟ್ಸ್‌ನಲ್ಲಿರೋ ತಂಗಿಗೆ ಬಹುಶಃ ಇರುತ್ತೆ, ಸಂಬಳದ ಚೀಟಿಯಲ್ಲಿ 0.75 ಪರ್ಸೆಂಟ್ ಕಡಿತ ಇದೆಯಾ ನೋಡೋಕೆ ಹೇಳಿ. ಇದ್ದರೆ, ಅವಲಂಬಿತ ತಂದೆ ತಾಯಿಯೂ ಅದರೊಳಗೆ ಬರುತ್ತಾರೆ. ಅಮ್ಮನ ಆದಾಯ ಪಿಂಚಣಿ, ಬಾಡಿಗೆ ಎಲ್ಲ ಸೇರಿ ತಿಂಗಳಿಗೆ 9,000 ರೂಪಾಯಿ ಒಳಗಿರಬೇಕು. ಇಎಸ್‌ಐನಲ್ಲಿ ಹೊರರೋಗಿ ಚಿಕಿತ್ಸೆಯೂ ಉಂಟು, ಔಷಧವೂ ಉಚಿತ. ಕುಟುಂಬ ಬೇರೆ ಊರಲ್ಲಿದ್ದರೆ ಆ ಊರಿನ ಡಿಸ್ಪೆನ್ಸರಿಯನ್ನು ನಮೂದಿಸಬಹುದು. ಹೆಣ್ಣುಮಕ್ಕಳ ಸಂಬಳದಿಂದ ತಿಂಗಳು ತಿಂಗಳು ಕಡಿತವಾಗುತ್ತೆ, ಅಪ್ಪ ಅಮ್ಮನ ಹೆಸರು ಸೇರಿಸಬಹುದು ಅಂತ ಎಷ್ಟೋ ಮನೆಗಳಿಗೆ ಗೊತ್ತೇ ಇರೋದಿಲ್ಲ.

ಶಿವಮೊಗ್ಗದಿಂದ, ನಿವೃತ್ತ ನರ್ಸ್

ಒಂದೇ ಮಾತು ಸೇರಿಸ್ತೀನಿ ಮಗಾ. ಅಗ್ಗ ಅಂತ ಅಂಗಡಿಯಲ್ಲಿ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಥರದ ನೋವಿನ ಮಾತ್ರೆ ತಂದು ಕೊಡಬೇಡ. ಶುಗರ್, ಬಿಪಿ ಇರೋ ವಯಸ್ಸಾದವರಿಗೆ ಅದು ಕಿಡ್ನಿ ಕೆಡಿಸಬಹುದು, ಅಲ್ಲದೆ ಈ ನರದ ಉರಿಗೆ ಅದು ಅಷ್ಟಾಗಿ ಕೇಳೋದೂ ಇಲ್ಲ. ಅಮ್ಮನ ಕ್ರಿಯಾಟಿನಿನ್, ಅಂದ್ರೆ ಕಿಡ್ನಿಯ ರಕ್ತ ಪರೀಕ್ಷೆ ಒಂದು ಸಲ ಮಾಡಿಸು. ಕಿಡ್ನಿ ನಿಧಾನವಾಗಿದ್ದರೆ ಪ್ರೆಗಾಬಾಲಿನ್ ಡೋಸೇ ಕಡಿಮೆ ಬೇಕಾಗುತ್ತೆ. ನಿಮ್ಮೂರಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಹಳೇ ಚೀಟಿಗಳ ಸಮೇತ ಒಂದು ಬೆಳಿಗ್ಗೆ ಹೋಗಿ ಬಾ. ಕೆಮ್ಮಣ್ಣು ಹಚ್ಚಿದ್ದಕ್ಕೆ ಮನಸ್ಸಿಗೆ ಹಚ್ಕೋಬೇಡ, ಎಲ್ಲರ ಮನೆಯಲ್ಲೂ ಮಾಡ್ತಾರೆ. ಓದ್ತಿರೋ ಬೇರೆಯವರಿಗೆ ಮಾತ್ರ ಹೇಳ್ತೀನಿ: ಗುಳ್ಳೆ ಕಂಡ 72 ಗಂಟೆಯೊಳಗೆ ಡಾಕ್ಟರಿಗೆ ತೋರಿಸಿ ವೈರಸ್‌ಗೆ ಮಾತ್ರೆ ಶುರು ಮಾಡಿದರೆ ಕಾಯಿಲೆ ಬೇಗ ಹತೋಟಿಗೆ ಬರುತ್ತೆ.

ಪುತ್ತೂರಿನಿಂದ, ಕ್ಯಾನ್ಸರಿನಿಂದ ತಂದೆಯನ್ನು ಕಳೆದುಕೊಂಡವರು

ನಿಮ್ಮ ತಾಯಿಯವರ ನೋವು ಬೇರೆ ಬಗೆಯದ್ದು. ಇಲ್ಲಿ ಓದುವ ಯಾರದಾದರೂ ಮನೆಯಲ್ಲಿ ಕ್ಯಾನ್ಸರ್ ಇದ್ದರೆ ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ. ಅಪ್ಪನ ನೋವಿಗೆ ಮೂರು ದಿನಕ್ಕೊಮ್ಮೆ ಬದಲಿಸುವ ಫೆಂಟನಿಲ್ ಪ್ಯಾಚ್ ಎರಡು ತಿಂಗಳು ಹಾಕಿದೆವು, ಚಿನ್ನ ಅಡವಿಟ್ಟು. ಬಾಯಿಗೆ ಕೊಡುವ ಮಾರ್ಫಿನ್ ಮಾತ್ರೆ ಅದಕ್ಕಿಂತ ಎಷ್ಟೋ ಅಗ್ಗ ಎಂದು ನಮಗೆ ಯಾರೂ ಹೇಳಿರಲಿಲ್ಲ. ಅದು ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ, ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಸಿಗುತ್ತದೆ. 1985ರ ಮಾದಕವಸ್ತು ಕಾಯ್ದೆಯಿಂದಾಗಿ ಆಸ್ಪತ್ರೆಗಳೇ ಮಾರ್ಫಿನ್ ಇಡಲು ಹೆದರುತ್ತಿದ್ದವು, 2014ರ ತಿದ್ದುಪಡಿ ಆ ನಿಯಮಗಳನ್ನು ಸಡಿಲಿಸಿತು. "ಪ್ಯಾಲಿಯೇಟಿವ್ ವಿಭಾಗ (ನೋವು ಇಳಿಸಿ ಆರೈಕೆ ಮಾಡುವ ವಿಭಾಗ) ಎಲ್ಲಿದೆ?" ಎಂದು ಕೇಳಿ. ಬೆಂಗಳೂರಿನಲ್ಲಿ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ಕರುಣಾಶ್ರಯದಲ್ಲಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗೆ ದುಡ್ಡು ತೆಗೆದುಕೊಳ್ಳದೆ ಆರೈಕೆ ಮಾಡುತ್ತಾರೆ. ಮಾರ್ಫಿನ್ ಎಂದರೆ ಚಟ ಹತ್ತುತ್ತದೆ ಎಂದು ನೆಂಟರು ಹೆದರಿಸಿದ್ದರು. ಅದನ್ನು ಕೊಟ್ಟ ನಾಲ್ಕನೇ ದಿನ ಅಪ್ಪ ಎದ್ದು ಕೂತು ಗಂಜಿ ಉಂಡರು. ಆ ಎರಡು ತಿಂಗಳು ಅವರು ಪಟ್ಟ ಪಾಡು ನೆನೆದರೆ ಇವತ್ತಿಗೂ ಎದೆ ಹಿಂಡುತ್ತದೆ.

ಕೇಳಿದವರು, ಮೂರು ವಾರದ ನಂತರ

ಎಲ್ಲರಿಗೂ ಕೈಮುಗಿದೆ. ಡಾಕ್ಟರ ಹತ್ರ ನಾಚಿಕೆ ಬಿಟ್ಟು ಹೇಳಿದೆ. ಮಾತ್ರೆ ಬೇರೆ ಬೇರೆ ಮಾಡಿ ಬರೆದುಕೊಟ್ರು. ಪ್ರೆಗಾಬಾಲಿನ್ ಜನೌಷಧಿಯಲ್ಲಿ ಸಿಕ್ತು, ನಾರ್ಟ್ರಿಪ್ಟಿಲಿನ್ ಹೊರಗಡೆ ಅಂಗಡಿಯಲ್ಲಿ ತಗೊಂಡೆ. ಕ್ರಿಯಾಟಿನಿನ್ ಸರಿಯಾಗಿದೆ. ಬಿ12 ಮಾತ್ರ ಅಮ್ಮನಿಗೆ ನಿಜಕ್ಕೂ ಕಡಿಮೆ ಇತ್ತು, ಹಾಗಾಗಿ ಅದು ಮುಂದುವರಿದಿದೆ. ಪ್ಯಾಚ್ ತಿಂಗಳಿಗೆ ಐದಕ್ಕೆ ಇಳಿಸಿದ್ವಿ. ಈ ತಿಂಗಳ ಖರ್ಚು 1,640. ಈಗ ಎರಡು ಹೊತ್ತೂ ನನ್ನ ಎದುರಿಗೇ ನುಂಗ್ತಾರೆ. ಉರಿ ಪೂರ್ತಿ ಹೋಗಿಲ್ಲ, ಆದರೆ ರಾತ್ರಿ ನಾಲ್ಕೈದು ಗಂಟೆ ಒಂದೇ ಸಮ ಮಲಗ್ತಾರೆ.

ತಂಗಿಗೆ ಇಎಸ್‌ಐ ಕಡಿತ ಆಗ್ತಾನೇ ಇದೆ, ಎರಡು ವರ್ಷದಿಂದ! ಅಮ್ಮನ ಆಧಾರ್, ಫೋಟೋ ಅವಳಿಗೆ ಕಳಿಸಿದ್ದೀನಿ. ಆಧಾರ್‌ನಲ್ಲಿ ಅಮ್ಮನ ಹೆಸರು ಒಂಥರಾ, ತಂಗಿಯ ದಾಖಲೆಯಲ್ಲಿ ಒಂಥರಾ ಇದೆ ಅಂತ ಎಚ್‌ಆರ್‌ನವರು ವಾಪಸ್ ಮಾಡಿದ್ದಾರೆ. ಇದನ್ನ ಸರಿಪಡಿಸಿದವರು ಯಾರಾದರೂ ಇದ್ದರೆ, ಯಾವ ಕಡೆ ಮೊದಲು ತಿದ್ದಿಸಬೇಕು ಹೇಳಿ.