‘ಆಫ್ ವೈಟ್’ ಅನ್ನುವುದಕ್ಕೆ ಸೇಡಿ ಬಣ್ಣ ಅನ್ನಬಹುದೇ?

ಶಿರಸಿ ಹತ್ತಿರದ ಹೋಮ್‌ಸ್ಟೇ ಒಂದಕ್ಕೆ ಕನ್ನಡದಲ್ಲಿ ಕರಪತ್ರ ಬರೆದುಕೊಡುತ್ತಿದ್ದೇನೆ. ‘ಆಫ್ ವೈಟ್ ಗೋಡೆ, ಆಫ್ ವೈಟ್ ಪರದೆ, ಕೆಂಪು ನೆಲ’ ಅಂತ ಯಜಮಾನರು ಹೇಳಿದ್ದು. ನೆಲ ಬರೆದಾಯಿತು. ಉಳಿದೆರಡರಲ್ಲಿ ಸಿಕ್ಕಿಬಿದ್ದಿದ್ದೇನೆ.

ಮೊದಲು ಬಾಯಿಗೆ ಬರುವುದು ‘ಮಾಸಲು ಬಿಳಿ’. ಹಿಂದೊಮ್ಮೆ ಸೀರೆ ಅಂಗಡಿಯೊಂದರ ಜಾಹೀರಾತಿಗೆ ಅದನ್ನೇ ಹಾಕಿ, ‘ಮಾಸಿದ ಸೀರೆ ಯಾರು ತಗೊಳ್ತಾರೆ ಮಾರಾಯ್ರೆ?’ ಅಂತ ಬೈಸಿಕೊಂಡಿದ್ದೇನೆ. ‘ನಸುಬಿಳಿ’ಯೂ ನನಗೆ ಸರಿಹೋಗುತ್ತಿಲ್ಲ. ನಸುಗೆಂಪು ಅಂದರೆ ಕೆಂಪು ಈಗಷ್ಟೇ ತಗುಲಿದ್ದು. ಆ ಲೆಕ್ಕಕ್ಕೆ ನಸುಬಿಳಿ ಅಂದರೆ ಬೇರೆ ಯಾವುದಕ್ಕೋ ಬಿಳಿ ತಗುಲಿ ಬೂದಿಯಾದ ಹಾಗೆ. ಇಲ್ಲಿ ಆಗುವುದು ಉಲ್ಟಾ, ಬಿಳಿಗೇ ಚೂರು ಹಳದಿಯೋ ಕಂದೋ ತಗುಲಿರುತ್ತದೆ. ‘ಬಿಳಿಚಿದ’ ಅನ್ನುವುದು ಜ್ವರದ ಮುಖಕ್ಕಾಯಿತು. ಪೇಂಟರ್ ಕೇಳಿದರೆ ‘ಕ್ರೀಂ ಕಲರ್’, ಸ್ವಲ್ಪ ಗಾಢವಾದರೆ ‘ಬಿಸ್ಕೆಟ್ ಕಲರ್’. ಅವರಿಗೆ ಯಾವ ಗೊಂದಲವೂ ಇಲ್ಲ.

ಆಯಿಗೆ ಗೋಡೆಯ ಫೋಟೊ ತೋರಿಸಿದೆ. ‘ಬಿಳೆನೇ ಅಲ್ದ ಅದು?’ ಅಂದಳು. ಯೋಚಿಸಿದರೆ ಅವಳದ್ದೇ ಸರಿ. ಅಡಿಕೆ ದರಪಟ್ಟಿಯಲ್ಲಿ ‘ಬಿಳೆಗೋಟು’ ಅಂತ ಇರುತ್ತದಲ್ಲ, ಅದರಲ್ಲಿ ಬಿಳಿ ಎಲ್ಲಿದೆ? ಬೇಯಿಸಿ ಚೊಗರು (ಅಡಿಕೆ ಬೇಯಿಸಿದಾಗ ಬಿಡುವ ಕೆಂಪು ರಸ) ಹಾಕಿದ ಕೆಂಪಡಿಕೆಯ ಪಕ್ಕ ಇಟ್ಟರೆ ಬಿಳಿ, ಅಷ್ಟೆ. ಬಿಳಿ ಎತ್ತು, ಬಿಳಿಜೋಳ ಯಾವುದೂ ಅಚ್ಚ ಬಿಳಿ ಅಲ್ಲ. ಅಂದರೆ ನಮ್ಮ ‘ಬಿಳಿ’ಯ ಹೊಟ್ಟೆಯಲ್ಲಿ ಆಫ್ ವೈಟ್ ಮೊದಲಿನಿಂದಲೂ ಇತ್ತು. ಕಣ್ಣು ಕೆಡಿಸಿದ್ದು ಪ್ರಿಂಟರ್ ಕಾಗದ. ಎ4 ಹಾಳೆಯೊಂದನ್ನು ಆ ಗೋಡೆಗೆ ಒತ್ತಿ ಹಿಡಿದೆ. ಅಲ್ಲಿಯವರೆಗೆ ಬೆಳ್ಳಗಿದ್ದ ಗೋಡೆ ತಟ್ಟನೆ ಹಳದಿಯಾಯಿತು. ಕಾಗದಕ್ಕೆ ಹೊಳಪು ಕೊಡುವ ರಾಸಾಯನಿಕ ಸೇರಿಸುತ್ತಾರೆ, ಅದು ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಹೀರಿ ನೀಲಿ ಬೆಳಕು ಬಿಡುತ್ತದೆ. ಹಿಂದೆ ಸುಣ್ಣಕ್ಕೆ, ಪಂಚೆಗೆ ನೀಲಿ ಹಾಕುತ್ತಿದ್ದುದೂ ಹಳದಿ ಛಾಯೆ ಮುಚ್ಚುವುದಕ್ಕೇ.

ಆದರೂ ಕರಪತ್ರದಲ್ಲಿ ಬರೀ ‘ಬಿಳಿ ಗೋಡೆ’ ಅಂದರೆ ಬಂದವರು ಆಸ್ಪತ್ರೆ ಗೋಡೆ ಅಂದುಕೊಂಡಾರು. ಹಾಗಾಗಿ ಗೋಡೆಗೆ ‘ಸೇಡಿ ಬಣ್ಣ’ ಅನ್ನೋಣ ಅನ್ನಿಸಿದೆ. ಸೇಡಿ ಅಂದರೆ ಗೋಡೆಯ ಮೇಲೆ ಚಿತ್ತಾರ ಬರೆಯುವ ಬಿಳಿ ಮಣ್ಣು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಸೇಡಿಮಣ್ಣಿನ ಎಳೆ ಎಳೆದಾಗ ಹಸಿಯಲ್ಲಿ ಮಂಕಾಗಿರುತ್ತದೆ, ಒಣಗುತ್ತ ಒಣಗುತ್ತ ಬೆಳಕು ಬರುತ್ತದೆ. ಆದರೂ ಸುಣ್ಣದಷ್ಟು ಚುಚ್ಚುವುದಿಲ್ಲ. ಕೆಂಪು ನೆಲಕ್ಕೂ ಜೋಡಿ.

ಪರದೆಗೆ ‘ಕೋರಾ’. ಬಿಳುಪು ಮಾಡದ ಬಟ್ಟೆ ಅಂದರೆ ಅದೇ. ಫ್ಯಾಶನ್‌ನವರು ಬಳಸುವ ‘ಎಕ್ರೂ’ ಕೂಡ ಫ್ರೆಂಚಿನಲ್ಲಿ ಹಸಿ, ಬಿಳುಪು ಮಾಡದ್ದು ಅನ್ನುವ ಮಾತೇ. ‘ಬೀಜ್’ ಅನ್ನುವುದೂ ಬಣ್ಣ ಹಾಕದ ಉಣ್ಣೆಯಿಂದ ಬಂದದ್ದು. ಅವರು ಬಟ್ಟೆಯಿಂದ ಬಣ್ಣದ ಹೆಸರು ಮಾಡಿಕೊಂಡಿದ್ದಾರೆ, ನಾವು ಕೋರಾವನ್ನು ಬಟ್ಟೆಯಲ್ಲೇ ಬಿಟ್ಟಿದ್ದೇವೆ. (ವರ್ಜಿಲ್ ಅಬ್ಲೋ ಕಟ್ಟಿದ ‘ಆಫ್-ವೈಟ್’ ಕಂಪನಿಯ ಹೆಸರನ್ನು ಯಾರೂ ಅನುವಾದಿಸಲು ಹೋಗಬೇಡಿ, ಅದು ಅಂಕಿತನಾಮ.)

ಕೇಳಬೇಕಾದ್ದು ಎರಡು. ಘಟ್ಟದ ಕೆಳಗೆ, ಕುಮಟಾ, ಅಂಕೋಲಾ, ಕಾರವಾರದ ಕಡೆ ‘ಸೇಡಿ’ ಅಂದರೆ ತಿಳಿಯುತ್ತದೆಯೇ? ಮತ್ತೆ, ಚಿಪ್ಪಿನ ಸುಣ್ಣ ಬಳಿದು ಹಳತಾದ ಗೋಡೆಯ ಬಣ್ಣಕ್ಕೆ ನಿಮ್ಮ ಮನೆಗಳಲ್ಲಿ ಏನಾದರೂ ಹೆಸರಿತ್ತೇ? ಬುಧವಾರ ಕರಪತ್ರ ಅಚ್ಚಿಗೆ ಹೋಗುತ್ತದೆ.